ಮೊಣಕಾಲಿಗೆ ಯಾವ ಎಣ್ಣೆ, ಸೊಂಟಕ್ಕೆ ಯಾವುದು?

ನಮ್ಮ ಮೆಡಿಕಲ್ ಅಂಗಡಿಗೆ ಬಂದು "ನೋವಿನ ಎಣ್ಣಿ ಕೊಡಕ್ಕ" ಅಂತ ಕೇಳುವವರಿಗೆ ನಾನು ಮೊದಲು ಎಣ್ಣೆ ತೋರಿಸುವುದಿಲ್ಲ, ನೋವು ವಿಚಾರಿಸುತ್ತೇನೆ. ಎಲ್ಲಿ ನೋವು, ಎಷ್ಟು ದಿನದಿಂದ, ಏನು ಕೆಲಸ ಮಾಡುತ್ತೀರಿ, ಬಿಪಿ, ಶುಗರ್ ಮಾತ್ರೆ ನಡೆದಿದೆಯಾ. ಒಂದು ಎಣ್ಣೆಗೆ ಇಷ್ಟು ಪ್ರಶ್ನೆಯಾ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಬಳ್ಳಾರಿಯಲ್ಲಿ 14 ವರ್ಷ ಕೌಂಟರ್ ಹಿಂದೆ ನಿಂತಿದ್ದೇನೆ. ಎಣ್ಣೆಯೇ ಕೆಟ್ಟದಾಗಿ ತೊಂದರೆ ಆದದ್ದು ನೋಡಿದ್ದೇನೆ, ಆದರೆ ಒಬ್ಬರ ನೋವಿನ ಎಣ್ಣೆಯನ್ನು ಇನ್ನೊಬ್ಬರು ಹಚ್ಚಿಕೊಂಡು ಕೆಟ್ಟದ್ದೇ ಜಾಸ್ತಿ.

ಜೀನ್ಸ್ ಹೊಲಿಯುವ ಹುಡುಗರು ಕುತ್ತಿಗೆ ಹಿಡಿದುಕೊಂಡು ಬರುತ್ತಾರೆ. ಸಿರುಗುಪ್ಪ ಕಡೆ ಭತ್ತ ನಾಟಿ ಮಾಡಿ ಬಂದ ಹೆಣ್ಣುಮಕ್ಕಳಿಗೆ ಸೊಂಟ. ವಯಸ್ಸಾದವರಿಗೆ ಮೊಣಕಾಲು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ದಿನಕ್ಕೊಂದು ಎಣ್ಣೆಯ ಜಾಹೀರಾತು. ಒಳ್ಳೆಣ್ಣೆಯೋ, ಔಡಲೆಣ್ಣೆಯೋ, ನೀಲಗಿರಿಯೋ, ನಾರಾಯಣ ತೈಲವೋ ಅಂತ ತಲೆ ಕೆಡಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಜಾತಿ

ಎಣ್ಣೆಗಳಲ್ಲಿ ಎರಡು ಜಾತಿ ಇವೆ. ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯಿತು.

ಒಂದು, ಬೀಜ ಹಿಂಡಿ ತೆಗೆಯುವ ಎಣ್ಣೆ. ಎಳ್ಳು, ಕುಸುಬೆ, ಔಡಲ, ಕೊಬ್ಬರಿ, ಸಾಸಿವೆ, ಬೇವು, ಹೊಂಗೆ. ಇವನ್ನು ಅಂಗೈ ತುಂಬ ಹಾಕಿ ತಿಕ್ಕಬಹುದು. ಬಟ್ಟೆಗೆ ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ.

ಇನ್ನೊಂದು, ಎಲೆ, ಹೂವು, ತೊಗಟೆಯನ್ನು ಆವಿಯಲ್ಲಿ ಬೇಯಿಸಿ ಇಳಿಸುವ ಎಣ್ಣೆ. ನೀಲಗಿರಿ, ಪುದೀನ, ಲವಂಗ, ಗಂಧಪುರ. ಇವು ಹೆಸರಿಗೆ ಎಣ್ಣೆ, ಜಿಡ್ಡಿಲ್ಲ. ಬಿಟ್ಟರೆ ಗಾಳಿಗೆ ಹಾರಿಹೋಗುತ್ತವೆ. ನಾನು ಇವನ್ನು ಹನಿ ಎಣ್ಣೆ ಅಂತ ಕರೆಯುತ್ತೇನೆ, ಏಕೆಂದರೆ ಇವನ್ನು ಹನಿ ಲೆಕ್ಕದಲ್ಲೇ ಬಳಸಬೇಕು. ಬೀಜದ ಎಣ್ಣೆಗೆ ಬೆರೆಸದೆ ಹಾಗೇ ಹಚ್ಚಬಾರದು.

ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಮನೆಯಲ್ಲೇ ಒಂದು ಅನಾಹುತ ಆಗಿದೆ. ಅವ್ವ ಯಾವುದೋ ಅಂಗಡಿಯಲ್ಲಿ ಗಂಧಪುರ ಎಣ್ಣೆ ಬಿಡಿಯಾಗಿ ತಂದಿದ್ದಳು. ಸೀಸೆಯ ಮೇಲೆ ಚೀಟಿ ಇರಲಿಲ್ಲ, ಬೆರೆಸಬೇಕು ಅಂತ ಹೇಳಿದವರೂ ಇರಲಿಲ್ಲ. ಮೊಣಕಾಲಿಗೆ ಹಾಗೇ ಸುರಿದುಕೊಂಡು, ಮೇಲೆ ಬಟ್ಟೆ ಕಟ್ಟಿ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಎದ್ದಾಗ ಚರ್ಮ ಬೊಬ್ಬೆ ಎದ್ದಿತ್ತು. ಕಲೆ ಇವತ್ತಿಗೂ ಇದೆ. ಅವತ್ತಿನಿಂದ ಹನಿ ಎಣ್ಣೆ ಕೊಡುವಾಗಲೆಲ್ಲ ಇದನ್ನು ಎದುರಿಗೆ ನಿಂತು ಹೇಳಿಯೇ ಕೊಡುತ್ತೇನೆ.

ಆರಿಸುವ ಮೊದಲು ನೋಡಬೇಕಾದದ್ದು

ನೋವು ಯಾವ ತರಹದ್ದು ಅನ್ನುವುದು ಮೊದಲನೆಯದು. ದುಡಿದು ಬಿಗಿದ ಸ್ನಾಯುವಿನ ನೋವು ಬೇರೆ, ಸವೆದ ಕೀಲಿನ ನೋವು ಬೇರೆ, ನಿನ್ನೆ ಉಳುಕಿದ ಕಾಲು ಬೇರೆ. ಶುಗರ್ ಇದ್ದವರ ಅಂಗಾಲಿನ ಉರಿ ಇವೆಲ್ಲಕ್ಕಿಂತ ಬೇರೆ. ಎಣ್ಣೆ ಚೆನ್ನಾಗಿ ಕೆಲಸ ಮಾಡುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಸ್ವಲ್ಪ ಆರಾಮ ಕೊಡುತ್ತದೆ. ಉಳುಕಿದ ಕಾಲಿಗೆ ಮೊದಲ ಎರಡು ದಿನ ಎಣ್ಣೆಯೂ ಬೇಡ, ತಿಕ್ಕುವುದೂ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಇಡಬೇಕು. ಅಂಗಾಲಿನ ಉರಿಗೆ ಡಾಕ್ಟರನ್ನೇ ನೋಡಬೇಕು.

ಎರಡನೆಯದು ಹಚ್ಚಿಕೊಳ್ಳುವವರು ಯಾರು ಅನ್ನುವುದು. ಕೂಸು, ಬಸುರಿ, ಬಾಣಂತಿ, ಶುಗರ್ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಇವರಿಗೆಲ್ಲ ಲೆಕ್ಕ ಬೇರೆ.

ಮೂರನೆಯದು ನಮ್ಮ ಹವೆ ಮತ್ತು ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮಂದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಬೆವರು ಸಾಲೆ ಏಳುತ್ತದೆ, ಧೂಳು ಮೆತ್ತುತ್ತದೆ. ಹೊಲಿಯುವವರ ಕೈಗೆ ಜಿಡ್ಡು ಇದ್ದರೆ ಬಟ್ಟೆ ಕೆಡುತ್ತದೆ.

ಆಮೇಲೆ ದುಡ್ಡು. ಬಾಟಲಿ ಬೆಲೆ ನೋಡಬೇಡಿ, ತಿಂಗಳ ಲೆಕ್ಕ ನೋಡಿ. ಎರಡು ಮೊಣಕಾಲಿಗೆ ದಿನಾ ಎರಡು ಚಮಚ ಅಂದರೆ 10 ಮಿ.ಲೀ. ಬೇಕು. ತಿಂಗಳಿಗೆ 300 ಮಿ.ಲೀ. ಆಯಿತು. 100 ಮಿ.ಲೀ. ತೈಲದ ಬಾಟಲಿ ಹತ್ತೇ ದಿನ ಬರುತ್ತದೆ. ಇದನ್ನು ಲೆಕ್ಕ ಹಾಕದೆ ದುಬಾರಿ ತೈಲ ತಂದವರು ಆ ಹತ್ತು ದಿನಕ್ಕೇ ನಿಲ್ಲಿಸಿಬಿಡುತ್ತಾರೆ.

ಒಂದು ಮಾತು ನೇರವಾಗಿ ಹೇಳಬೇಕು. ಯಾವ ಎಣ್ಣೆಯೂ ಕೀಲಿನೊಳಗೆ ಇಳಿದು ಸವೆದದ್ದನ್ನು ತುಂಬುವುದಿಲ್ಲ. ತಿಕ್ಕುವ ಕೈ, ಬೆಚ್ಚಗಿನ ಶಾಖ, ಆಮೇಲೆ ಕೈಕಾಲು ಆಡಿಸುವುದು, ಇವುಗಳಿಂದ ಸಿಗುವ ಆರಾಮವೇ ದೊಡ್ಡದು. ಅದಕ್ಕೆ ಎಣ್ಣೆ ಜೊತೆಯಾಗುತ್ತದೆ.

ಬೀಜದ ಎಣ್ಣೆಗಳು

ಒಳ್ಳೆಣ್ಣೆ, ಅಂದರೆ ಎಳ್ಳೆಣ್ಣೆ. ಒಂದೇ ಎಣ್ಣೆ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ತೈಲ ಅನ್ನುವ ಮಾತೇ ತಿಲದಿಂದ, ಅಂದರೆ ಎಳ್ಳಿನಿಂದ ಬಂದದ್ದು. ಆಯುರ್ವೇದದ ಎಷ್ಟೋ ನೋವಿನ ತೈಲಗಳಿಗೆ ಇದೇ ಬುಡ. ತೀರಾ ಮಂದವಲ್ಲ, ತೀರಾ ತೆಳುವೂ ಅಲ್ಲ. ಕೈ ಚೆನ್ನಾಗಿ ಜಾರುತ್ತದೆ. ಎಳ್ಳಿನಲ್ಲಿರುವ ಸೆಸಮಾಲ್‌ನಂಥ ಅಂಶಗಳಿಂದ ಬೇಗ ಕಮಟು ಹಿಡಿಯುವುದಿಲ್ಲ. ನಮ್ಮ ಬಿಸಿಲಿಗೆ ಅದು ದೊಡ್ಡ ಅನುಕೂಲ ಅಲ್ವಾ? ಆದರೆ ವಾಸನೆ ಇದೆ, ಬಟ್ಟೆಗೆ ಕಲೆ ಆಗುತ್ತದೆ. ರಾತ್ರಿ ಅಥವಾ ಸ್ನಾನಕ್ಕೆ ಮುಂಚೆ ಹಚ್ಚುವುದೇ ವಾಸಿ. ಎಳ್ಳು ತಿಂದರೆ ಮೈಗೆ ಆಗದವರು ಇದನ್ನು ಹಚ್ಚಲೂಬಾರದು.

ಇದರಲ್ಲಿ ಕಲಬೆರಕೆ ಜಾಸ್ತಿ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ ಇರುತ್ತದೆ. ಮರದ ಗಾಣದಲ್ಲಿ ಅದೂ ಪೂರ್ತಿ ಹೊರಗೆ ಬರುವುದಿಲ್ಲ. ಅಂದರೆ 1 ಕೆ.ಜಿ. ಎಣ್ಣೆಗೆ 2 ಕೆ.ಜಿ.ಗಿಂತ ಹೆಚ್ಚು ಎಳ್ಳು ಬೇಕು. ಎಣ್ಣೆಯ ಬೆಲೆ ಆ ಎಳ್ಳಿನ ಬೆಲೆಗಿಂತ ಕಡಿಮೆ ಇದ್ದರೆ ಒಳಗೆ ಬೇರೇನೋ ಇದೆ ಅಂತಲೇ ತಿಳಿಯಿರಿ. ದೀಪಕ್ಕೆ ಅಂತ ಮಾರುವ ಎಣ್ಣೆಯನ್ನು ಯಾವ ಕಾರಣಕ್ಕೂ ಮೈಗೆ ಹಚ್ಚಬೇಡಿ. ಗಾಣದ ಮುಂದೆ ನಿಂತು ಆಡಿಸಿಕೊಂಡು ಬರುವ ಅವಕಾಶ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕುಸುಬೆ ಎಣ್ಣೆ. ನಮ್ಮ ಎರೆ ಹೊಲದ ಬೆಳೆ. ಹಿಂಗಾರಿ ಜೋಳದ ಸುತ್ತ ಕುಸುಬೆ ಹಾಕುತ್ತಿದ್ದರು, ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಈಗ ಅಂಥ ಹೊಲ ಕಡಿಮೆ ಆಗಿವೆ, ನೋಡಿದರೆ ಬೇಸರವಾಗುತ್ತದೆ. ಇದರ ಎಣ್ಣೆ ತೆಳು, ಬೇಗ ಚರ್ಮಕ್ಕೆ ಹಿಡಿಯುತ್ತದೆ, ವಾಸನೆ ಕಡಿಮೆ. ಬೇಸಿಗೆಯಲ್ಲಿ ಒಳ್ಳೆಣ್ಣೆ ಅಂಟು ಅನ್ನಿಸುವವರಿಗೆ, ಒಣಗಿ ಬಿರಿಯುವ ಚರ್ಮದವರಿಗೆ ಇದು ಹೊಂದುತ್ತದೆ. ಇದರ ಕೊರತೆ ಅಂದರೆ ಬೇಗ ಕಮಟು ವಾಸನೆ ಬರುತ್ತದೆ. ಕಾಲು ಲೀಟರ್‌ಗಿಂತ ಹೆಚ್ಚು ತರಬೇಡಿ, ಕತ್ತಲೆಯಲ್ಲಿ ಇಡಿ.

ಔಡಲೆಣ್ಣೆ. ಬೇರೆ ಕಡೆ ಹರಳೆಣ್ಣೆ ಅನ್ನುತ್ತಾರೆ. ಜೇನಿನಷ್ಟು ಮಂದ. ಇದರಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ ಅನ್ನುವ ಒಂದೇ ಕೊಬ್ಬು ಇದೆ. ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಸಿಗುವುದಿಲ್ಲ. ಮೊಣಕಾಲಿಗೆ ತೆಳ್ಳಗೆ ಸವರಿ, ಬೆಚ್ಚಗಿನ ಬಟ್ಟೆ ಸುತ್ತಿ ಅರ್ಧ ಗಂಟೆ ಕೂರುವುದಕ್ಕೆ ಚಲೋ. ಮೈಗೆಲ್ಲ ತಿಕ್ಕುವುದಕ್ಕೆ ಕಷ್ಟ. ನಾನು ಹೇಳುವ ಅಳತೆ ಒಂದು ಭಾಗ ಔಡಲೆಣ್ಣೆಗೆ ಮೂರು ಭಾಗ ಒಳ್ಳೆಣ್ಣೆ. ಆಗ ಅಂಟೂ ಕಡಿಮೆ, ದುಡ್ಡೂ ಉಳಿಯಿತು. ಬಸುರಿಯರು ಇದನ್ನು ಕುಡಿಯಬಾರದು, ಕೂಸಿಗೆ ಕುಡಿಸಲೂಬಾರದು. ಮನೆಯಲ್ಲಿ ಔಡಲ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುವವರು ಬೀಜವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಆ ಬೀಜದಲ್ಲಿ ರಿಸಿನ್ ಅನ್ನುವ ಕಡು ವಿಷ ಇದೆ.

ಸಾಸಿವೆ ಎಣ್ಣೆ. ಉತ್ತರ ಭಾರತದಿಂದ ಕಾರ್ಖಾನೆ ಕೆಲಸಕ್ಕೆ ಬಂದವರು ಇದನ್ನೇ ಕೇಳುತ್ತಾರೆ. ಆ ಘಾಟಿನಿಂದಲೇ ಮೈ ಬೆಚ್ಚಗಾಗುತ್ತದೆ. ಡಿಸೆಂಬರ್ ಚಳಿಗೆ ಬಿಗಿದ ಬೆನ್ನಿಗೆ ಸುಖ. ಬೇಸಿಗೆಗೆ ಬೇಡ, ಸೂಕ್ಷ್ಮ ಚರ್ಮಕ್ಕೆ ಬೇಡ, ಕೂಸಿಗೆ ಬೇಡವೇ ಬೇಡ. ಬಿಡಿ ಎಣ್ಣೆ ಅಂತೂ ಕೊಳ್ಳಲೇಬೇಡಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಅನ್ನುವ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು ಜನ ಸತ್ತಿದ್ದರು.

ಕೊಬ್ಬರಿ ಎಣ್ಣೆ ನೋವಿಗಿಂತ ಚರ್ಮಕ್ಕೆ ಒಳ್ಳೆಯದು. ಬೇವಿನೆಣ್ಣೆ, ಹೊಂಗೆ ಎಣ್ಣೆಯನ್ನು ಕಡಿತ, ಹುಳುಕಡ್ಡಿಗೆ ಇಟ್ಟುಕೊಳ್ಳಿ. ಕೀಲು ನೋವಿಗೆ ಅಂತ ಕೊಂಡು ನಾರುವುದನ್ನು ಸಹಿಸುವ ಅಗತ್ಯ ಇಲ್ಲ.

ಹನಿ ಎಣ್ಣೆಗಳು

ನೀಲಗಿರಿ ಎಣ್ಣೆ ಎಲ್ಲರಿಗೂ ಗೊತ್ತು. ಅದರ ಮುಖ್ಯ ಅಂಶ ಸಿನಿಯೋಲ್. ಬಿಗಿದ ಕುತ್ತಿಗೆ, ಭುಜಕ್ಕೆ ಹಚ್ಚಿದರೆ ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ ಅನ್ನಿಸುತ್ತದೆ. 50 ಮಿ.ಲೀ. ಒಳ್ಳೆಣ್ಣೆ ಅಥವಾ ಕುಸುಬೆ ಎಣ್ಣೆಗೆ 20 ಹನಿ ಸಾಕು. ವಯಸ್ಸಾದವರಿಗೆ 10. ಇಷ್ಟು ಕಡಿಮೆಯಾ ಅಂತ ಕೇಳುತ್ತಾರೆ. ಹೌದು, ಇಷ್ಟೇ. ಸಣ್ಣ ಸೀಸೆ ತಿಂಗಳುಗಟ್ಟಲೆ ಬರುತ್ತದೆ. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಇದು ಬೇಗ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಸೀಸೆ ಒಯ್ಯಬೇಡಿ. ಮಕ್ಕಳು ಒಂದು ಚಮಚ ಕುಡಿದರೂ ಫಿಟ್ಸ್ ಬರಬಹುದು.

ಗಂಧಪುರ ಎಣ್ಣೆ, ವಿಂಟರ್‌ಗ್ರೀನ್ ಅಂತಲೂ ಬರೆದಿರುತ್ತದೆ. ನೋವಿನ ಮುಲಾಮಿನ ಆ ಗುರುತಿನ ವಾಸನೆ ಇದರದ್ದೇ. ಇದು ಬಹುತೇಕ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಅಣ್ಣತಮ್ಮ. ಈ ಪಟ್ಟಿಯಲ್ಲಿ ನೋವಿನ ಮೇಲೆ ನೇರ ಕೆಲಸ ಮಾಡುವ ಔಷಧದ ಗುಣ ಇದಕ್ಕೇ ಜಾಸ್ತಿ. ಅದಕ್ಕೇ ಹೆದರಿಕೆಯೂ ಜಾಸ್ತಿ. 5 ಮಿ.ಲೀ., ಅಂದರೆ ಒಂದೇ ಚಮಚದಲ್ಲಿ 325 ಮಿ.ಗ್ರಾಂ.ನ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಯಷ್ಟು ಬಲ ಇದೆ. ಮಗು ಕುಡಿದರೆ ಪ್ರಾಣ ಹೋಗಬಹುದು. ಹೃದಯದ ಆಪರೇಷನ್ ಆಗಿ ವಾರ್ಫರಿನ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಹಚ್ಚಿಕೊಂಡರೆ ರಕ್ತಸ್ರಾವದ ಅಪಾಯ. ಆಸ್ಪಿರಿನ್ ಅಲರ್ಜಿ ಇದ್ದವರು, ಬಸುರಿಯರು ಮುಟ್ಟಬಾರದು. ಹಚ್ಚಿದ ಮೇಲೆ ಶಾಖ ಕೊಡಬಾರದು, ಬಿಗಿಯಾಗಿ ಕಟ್ಟಬಾರದು. ಅವ್ವನ ಮೊಣಕಾಲಿಗೆ ಆದದ್ದು ಅದರಿಂದಲೇ. ಅಂಗಡಿಯ ಸೀಸೆಗಳಲ್ಲಿ ಹೆಚ್ಚಿನವು ಗಿಡದಿಂದ ಬಂದದ್ದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು. ಕೆಲಸ ಒಂದೇ, ಆದರೆ "ನೈಸರ್ಗಿಕ" ಅಂತ ಹೆಚ್ಚು ದುಡ್ಡು ಕೊಡಬೇಡಿ.

ತಲೆನೋವಿಗೆ ಪುದೀನ ಎಣ್ಣೆ. ಒತ್ತಡದ ತಲೆನೋವಿಗೆ ನೂರಕ್ಕೆ ಹತ್ತು ಭಾಗ ಪುದೀನ ಎಣ್ಣೆಯ ದ್ರಾವಣವನ್ನು ಜರ್ಮನಿಯಲ್ಲಿ ಔಷಧವಾಗಿಯೇ ಮಾರುತ್ತಾರೆ. ಬಿಸಿಲಲ್ಲಿ ತಿರುಗಿ ಬಂದವರು ಬೀಜದ ಎಣ್ಣೆಗೆ ಬೆರೆಸಿ ಕಣ್ಣಿಗೆ ತಾಗದಂತೆ ಹಣೆಯ ಪಕ್ಕಕ್ಕೆ ಸವರಬಹುದು. ಲವಂಗದ ಎಣ್ಣೆ ಹಲ್ಲುನೋವಿಗೆ ಹತ್ತಿಯಲ್ಲಿ ಒಂದು ಹನಿ, ಅದೂ ದಂತ ವೈದ್ಯರ ಹತ್ತಿರ ಹೋಗುವ ತನಕ. ಆರತಿ ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಹಚ್ಚುವುದು ನಮ್ಮ ಕಡೆ ರೂಢಿ. ಅದು ಮೈಗೆ ಹಚ್ಚುವುದಕ್ಕೆ ಅಂತ ಮಾಡಿದ ಕರ್ಪೂರವಲ್ಲ. ಕೂಸು ಇರುವ ಮನೆಯಲ್ಲಂತೂ ಬೇಡ.

ತೈಲ, ಟ್ಯೂಬು, ಹೆಂಪ್

ಮಹಾನಾರಾಯಣ ತೈಲ, ಕೊಟ್ಟಂಚುಕ್ಕಾದಿ, ಮುರಿವೆಣ್ಣ, ಇವು ಬೇಯಿಸಿದ ತೈಲಗಳು. ಶಾಸ್ತ್ರದ ಸಾಮಾನ್ಯ ಅಳತೆ ಒಂದು ಭಾಗ ಗಿಡಮೂಲಿಕೆಯ ಕಲ್ಕ (ಅರೆದ ಮುದ್ದೆ), ನಾಲ್ಕು ಭಾಗ ಎಣ್ಣೆ, ಹದಿನಾರು ಭಾಗ ಕಷಾಯ. ನೀರೆಲ್ಲ ಇಂಗುವ ತನಕ ಕಾಯಿಸಬೇಕು. ಬೆಲೆ ಯಾಕೆ ಜಾಸ್ತಿ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಹಳೆಯ ಬಿಗಿತಕ್ಕೆ ಮಹಾನಾರಾಯಣ, ಬಾವಿನ ಜೊತೆ ಬರುವ ಕೀಲು ನೋವಿಗೆ ಕೊಟ್ಟಂಚುಕ್ಕಾದಿ, ಪೆಟ್ಟು ಉಳುಕಿಗೆ ಕೊಬ್ಬರಿ ಎಣ್ಣೆ ಬುಡದ ಮುರಿವೆಣ್ಣ ಕೊಡುವುದು ವೈದ್ಯರ ಪದ್ಧತಿ. ಕೊಳ್ಳುವಾಗ ಲೈಸೆನ್ಸ್ ನಂಬರ್, ಬ್ಯಾಚ್, ಅವಧಿಯ ದಿನಾಂಕ ನೋಡಿ. ಜಾತ್ರೆಯಲ್ಲಿ ಚೀಟಿ ಇಲ್ಲದ ಬಾಟಲಿಯ ಎಣ್ಣೆಯನ್ನು "ಒಂದೇ ಸಲಕ್ಕೆ ನೋವು ಮಾಯ" ಅಂತ ಮಾರುತ್ತಿದ್ದರೆ ದೂರ ಇರಿ.

ಯಾವ ತೈಲ ಅಂತ ಗೊತ್ತಾಗದಿದ್ದರೆ ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಗೆ ಹೋಗಿ ಕೇಳಿ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿ, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿದ ಪಂಡಿತ ತಾರಾನಾಥರ ಹೆಸರು ಅದಕ್ಕೆ. ನಮ್ಮ ಭಾಗದಲ್ಲಿ ಆಯುರ್ವೇದಕ್ಕೆ ದುಡಿದವರನ್ನು ನೆನೆಯುವಾಗ ಅವರ ಹೆಸರು ಬಿಡುವಂತಿಲ್ಲ.

ಟ್ಯೂಬಿನ ಜೆಲ್ ಬಗ್ಗೆಯೂ ಹೇಳದೆ ಇದ್ದರೆ ತಪ್ಪಾಗುತ್ತದೆ. ಸವೆದ ಮೊಣಕಾಲಿಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧದ ಜೆಲ್ಲಿಗೆ ಇರುವಷ್ಟು ಆಧಾರ ಯಾವ ಎಣ್ಣೆಗೂ ಇಲ್ಲ. ಆ ಟ್ಯೂಬಿನ ಹಿಂದೆ ಓದಿ ನೋಡಿ. ಹಲವು ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಜೊತೆಗೆ ಅಗಸೆ ಎಣ್ಣೆ, ಪುದೀನದ ಮೆಂಥಾಲ್, ಗಂಧಪುರದ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತವೆ. ನಾವು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿಯೇ ಅದು. ಜೆಲ್ ಹಚ್ಚಿದ ಜಾಗಕ್ಕೆ ಅದೇ ಹೊತ್ತಿನಲ್ಲಿ ಎಣ್ಣೆ ಹಚ್ಚಬೇಡಿ. ಒಂದು ಬೆಳಿಗ್ಗೆ, ಒಂದು ರಾತ್ರಿ ಇರಲಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಜೆಲ್ ಬಳಸಿ.

ಮೊಬೈಲಿನಲ್ಲಿ ಬರುವ ಹೆಂಪ್ ಎಣ್ಣೆ ಬಗ್ಗೆ ಈಗ ಹುಡುಗರು ಕೇಳುತ್ತಾರೆ. ಗಾಂಜಾ ಜಾತಿಯ ಗಿಡದ ಬೀಜದಿಂದ ತೆಗೆದದ್ದು ಅಡುಗೆ ಎಣ್ಣೆಯಂಥದ್ದೇ. ಅದರಲ್ಲಿ ನೋವಿನ ಹೆಸರಲ್ಲಿ ಹೊಗಳುವ ಸಿಬಿಡಿ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಎಲೆಯಿಂದ ಮಾಡಿದ ವಿಜಯಾ (ಆಯುರ್ವೇದದಲ್ಲಿ ಈ ಗಿಡದ ಹೆಸರು) ಔಷಧಗಳು ಬೇರೆ, ಅವಕ್ಕೆ ವೈದ್ಯರ ಚೀಟಿ ಬೇಕು. ಬೀಜದೆಣ್ಣೆಗೆ ಕೊಡುವ ದುಡ್ಡಿನಲ್ಲಿ ಕುಸುಬೆ ಎಣ್ಣೆ ಎಷ್ಟೋ ಪಟ್ಟು ಬರುತ್ತದೆ.

ಯಾರಿಗೆ ಯಾವುದು

ಜೀನ್ಸ್ ಹೊಲಿಯುವ ತಮ್ಮಂದಿರಿಗೆ ಕುಸುಬೆ ಎಣ್ಣೆ, ಅದಕ್ಕೆ ನೀಲಗಿರಿ ಹನಿ. ಕೆಲಸ ಮುಗಿದ ಮೇಲೆ, ಸ್ನಾನಕ್ಕೆ ಮುಂಚೆ ಕುತ್ತಿಗೆ, ಹೆಗಲಿಗೆ ಹತ್ತು ನಿಮಿಷ. ಗಂಟೆಗೊಮ್ಮೆ ಮಶಿನ್ ಬಿಟ್ಟು ಎದ್ದು ಕುತ್ತಿಗೆ ಆಡಿಸದಿದ್ದರೆ ಎಣ್ಣೆ ಹಚ್ಚಿ ಸುಮ್ನೆ ದುಡ್ಡು ದಂಡ.

ನಾಟಿ ಮಾಡುವ ಅಕ್ಕಂದಿರಿಗೆ ಸೊಂಟಕ್ಕೆ ಬೆಚ್ಚಗಿನ ಒಳ್ಳೆಣ್ಣೆ, ಆಮೇಲೆ ಬಿಸಿನೀರ ಸ್ನಾನ. ದಿನಗೂಲಿಯಲ್ಲಿ ದುಬಾರಿ ತೈಲ ಕೊಳ್ಳುವ ಅಗತ್ಯ ಇಲ್ಲ. ನೀರಿನಲ್ಲಿ ನೆನೆದ ಕಾಲ್ಬೆರಳ ಸಂದಿಗೆ ಎಣ್ಣೆ ಬೇಡ, ಮೊದಲು ಚೆನ್ನಾಗಿ ಒರೆಸಿ ಒಣಗಿಸಬೇಕು. ಎಣ್ಣೆ ಕಾಯಿಸಲು ಬಟ್ಟಲನ್ನು ಬಿಸಿನೀರಿನಲ್ಲಿಟ್ಟರೆ ಸಾಕು.

ಮೊಣಕಾಲು ಸವೆದ ಹಿರಿಯರಿಗೆ ಔಡಲ, ಒಳ್ಳೆಣ್ಣೆ ಬೆರಕೆ ರಾತ್ರಿ. ಕೈಯಲ್ಲಿ ದುಡ್ಡಿದ್ದರೆ ಮಹಾನಾರಾಯಣ ತೈಲ. ಶುಗರ್ ಇದ್ದು ಕಾಲು ಜೋಮು ಹಿಡಿದಿದ್ದರೆ ಬಿಸಿ ಎಣ್ಣೆ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿದ ಅಂಗಾಲಲ್ಲಿ ಬಚ್ಚಲಿಗೆ ಹೋಗಿ ಜಾರಿ ಬಿದ್ದು ತೊಡೆ ಮುರಿದುಕೊಂಡವರನ್ನು ನೋಡಿದ್ದೇನೆ.

ಬಾಣಂತಿಗೆ ಒಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ಹನಿ ಎಣ್ಣೆ ಯಾವುದೂ ಬೇಡ. ಕೂಸಿಗೆ ಕೊಬ್ಬರಿ ಎಣ್ಣೆ ಸಾಕು. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಯಾವುದನ್ನೇ ಆರಿಸಿದರೂ ಮೊಣಕೈ ಒಳಬದಿಗೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ. ಕೆಂಪಗಾದರೆ, ತುರಿಸಿದರೆ ಅದು ನಿಮಗಲ್ಲ. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಕೀಲು ಕೆಂಪಗೆ ಊದಿದರೆ, ಸೊಂಟದಿಂದ ಕಾಲಿಗೆ ಬಲ ಕಡಿಮೆ ಆದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಕೂಡ ಅಷ್ಟೇ.

ಹದಿನೈದು ದಿನ ಒಂದೇ ಎಣ್ಣೆ ಹಚ್ಚಿ ನೋಡಿ, ನಡುವೆ ಬದಲಿಸಬೇಡಿ. ಬೆಳಿಗ್ಗೆ ಹಾಸಿಗೆಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಕೊಡ ಎತ್ತುವುದು, ಈ ಮೂರರಲ್ಲಿ ಒಂದನ್ನು ಹಿಡಿದುಕೊಳ್ಳಿ. ಮೊದಲ ದಿನ ಎಷ್ಟು ಕಷ್ಟ ಇತ್ತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದನೇ ದಿನ ಅದೇ ಕೆಲಸ ಹಗುರಾಗಿದ್ದರೆ ಆ ಎಣ್ಣೆ ಮುಂದುವರಿಸಿ. ಆಗಿಲ್ಲದಿದ್ದರೆ ಇನ್ನೊಂದು ಬಾಟಲಿಗೆ ಕೊಡುವ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿ.